ಎರಡನೆಯ ನಮಸ್ಕಾರ

ಅತ್ತೆ ಬೆಲ್ ಬಾರಿಸಿದ ರಭಸಕ್ಕೆ ಕೆಳಗಿನ ಸೈಕಲ್ ಅಂಗಡಿಯವನು ಸ್ಪ್ಯಾನರ್ ಹಿಡಿದುಕೊಂಡೇ ಮೆಟ್ಟಿಲ ಬುಡಕ್ಕೆ ಓಡಿ ಬಂದ.

"ಯಾರ್ರೀ ಅದು? ಕಿತ್ತು ಕೈಗೆ ಬಂದೀತು, ಸ್ವಲ್ಪ ಮೆತ್ತಗೆ!"

"ಬಂದ್ರೆ ಹೊಸದು ಹಾಕಿ. ಅಂಗಡಿ ನಿಮ್ದೇ ಅಲ್ವಾ?" ಎಂದು ಅತ್ತೆ ಮೇಲಿನಿಂದಲೇ ಉತ್ತರ ಕೊಟ್ಟು, ಇನ್ನೊಂದು ಸಲ ಬಾರಿಸಿದರು.

ಅಂಗಡಿಯ ಮೇಲಿನ ಆ ಉದ್ದನೆಯ ಕೋಣೆಯಲ್ಲಿ ಕುಳಿತಿದ್ದವರೆಲ್ಲ ನಕ್ಕು ಚಪ್ಪಾಳೆ ತಟ್ಟಿದರು. ವಾರವೆಲ್ಲ ಬೇರೆ ಬೇರೆ ಕಂಪನಿಗಳಲ್ಲಿ ಸಂಬಳಕ್ಕೆ ಪ್ರೋಗ್ರಾಂ ಬರೆದು, ಶನಿವಾರ ಮಧ್ಯಾಹ್ನ ಇಲ್ಲಿ ಸೇರಿ ಸಂಬಳವಿಲ್ಲದೆ ಬರೆಯುವ ಜನ ಅವರು. ಎಲ್ಲರೂ ಕೂಡಿ ಬೆಳೆಸಿದ ಪ್ರೋಗ್ರಾಮಿಗೆ 'ಕಿವಿ' ಎಂದು ಹೆಸರಿಟ್ಟಿದ್ದರು. ಕಣ್ಣು ಕಾಣದವರ ಮನೆಗಳಲ್ಲಿ ಇಡುವ, ಮೂರು ದಪ್ಪ ಗುಂಡಿಗಳ ಪುಟ್ಟ ಪೆಟ್ಟಿಗೆಯೊಂದರ ಒಳಗೆ ಅದು ಕೆಲಸ ಮಾಡುತ್ತಿತ್ತು. ಗುಂಡಿ ಒತ್ತಿದರೆ ಪೆಟ್ಟಿಗೆ ನಮಸ್ಕಾರ ಹೇಳಿ, ಹಿಂದಿನ ದಿನ ನಿಲ್ಲಿಸಿದ ಕಡೆಯಿಂದ ಪುಸ್ತಕ ಓದುವುದಕ್ಕೆ ತೊಡಗುತ್ತಿತ್ತು.

ಈ ಬಳಗದಲ್ಲಿ ಒಂದು ಪದ್ಧತಿಯಿತ್ತು. ಪ್ರೋಗ್ರಾಮಿನಲ್ಲಿ ಕಂಡ ತಪ್ಪಿಗೆ ಅವರು ಬಗ್ ಎನ್ನುತ್ತಿದ್ದರು. ಅವುಗಳಲ್ಲಿ ತೀರಾ ಸಣ್ಣವನ್ನು ಹಳಬರು ಮುಟ್ಟುವ ಹಾಗಿಲ್ಲ. ಅವು ಹೊಸಬರ ಪಾಲು. ಮನೆಯಲ್ಲಿ ಹೊಸದಾಗಿ ನಡೆಯಲು ಕಲಿತ ಮಗುವಿಗೆ ಖಾಲಿ ಲೋಟ ಎತ್ತಿಡುವ ಕೆಲಸ ಬಿಟ್ಟುಕೊಡುತ್ತಾರಲ್ಲ, ಹಾಗೆ. ಮೊದಲ ಬಗ್ ಸರಿಮಾಡಿದವರು ಕಿಟಕಿಯ ಸರಳಿಗೆ ಬಿಗಿದ ಸೈಕಲ್ ಬೆಲ್ಲನ್ನು ಬಾರಿಸಬೇಕು. ಆ ದಿನ ಬಾರಿಸುವ ಸರದಿ ಅತ್ತೆಯದು.

ಕಿವಿಯನ್ನು ಮೊದಲು ಬರೆದವಳು ಗುಬ್ಬಿ. ಯಾವ ಬದಲಾವಣೆ ಸೇರಬೇಕು, ಯಾವುದು ಬೇಡ ಎನ್ನುವ ಕೊನೆಯ ಮಾತು ಈಗಲೂ ಅವಳದೇ. ಹುಟ್ಟುವಾಗ ಅಂಗೈಯಷ್ಟಿದ್ದಳೆಂದು ಅವಳಿಗೆ ಗುಬ್ಬಿಯೆಂದು ಹೆಸರಿಟ್ಟವರು ಈ ಅತ್ತೆಯೇ, ಅವಳ ತಂದೆಯ ತಂಗಿ. ಅತ್ತೆ ಆ ಕೋಣೆಗೆ ಕಾಲಿಡುವವರೆಗೆ ಅಲ್ಲಿ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಅತ್ತೆ ಬಂದ ದಿನ ಸಂಜೆಯೊಳಗೆ ಎಲ್ಲರ ಬಾಯಲ್ಲೂ ಅವಳು ಗುಬ್ಬಿಯಾಗಿಬಿಟ್ಟಳು.

ಅತ್ತೆ ಬಾಳೆಲ್ಲ ಟೈಪಿಂಗ್ ಕಲಿಸಿದವರು. ಕೀಲಿಗಳನ್ನು ಅವರು ಒತ್ತುತ್ತಿರಲಿಲ್ಲ, ಗುದ್ದುತ್ತಿದ್ದರು. ಹೋದ ವರ್ಷ ಮಾವ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ ಇದ್ದರು. ಯಾವಾಗ ಹೋದರೂ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಿದ್ದರು. ಆ ಕೈಗಳು ಸುಮ್ಮನಿರುವುದನ್ನು ನೋಡಲಾರದೆ ಗುಬ್ಬಿ ಒಂದು ಶನಿವಾರ ಅವರನ್ನು ಎಬ್ಬಿಸಿಕೊಂಡು ಬಂದಿದ್ದಳು. "ನೀವೇನೂ ಮಾಡೋದು ಬೇಡ, ಸುಮ್ನೆ ಕೂತು ನಮ್ಮ ಗಲಾಟೆ ಕೇಳ್ತಾ ಇರಿ" ಎಂದಿದ್ದಳು. ಅತ್ತೆ ಸುಮ್ಮನೆ ಕೂರಲಿಲ್ಲ. ಮುಂದಿನ ವಾರ ಒಂದು ಹಳೆಯ ಲ್ಯಾಪ್‌ಟಾಪ್ ಕೇಳಿ ಪಡೆದರು. ಅದರ ಮುಂದಿನ ವಾರ ಪಕ್ಕದವರ ಕೆಲಸದಲ್ಲಿ ಮೂಗು ತೂರಿಸಿದರು. ಕೆಲವು ತಿಂಗಳಲ್ಲಿ, ಹೊಸಬರ ಪಾಲಿನಲ್ಲಿ ಬಹುಕಾಲದಿಂದ ಬಿದ್ದಿದ್ದ ಒಂದು ಬಗ್ ಆರಿಸಿಕೊಂಡರು.

ಆ ಬಗ್ ಇಷ್ಟೇ: ಪೆಟ್ಟಿಗೆ ನಮಸ್ಕಾರವನ್ನು ಎರಡು ಸಲ ಹೇಳುತ್ತಿತ್ತು. ಗುಂಡಿ ಒತ್ತಿದ ಕೂಡಲೇ ಒಂದು, ಒಳಗೆ ಪುಸ್ತಕ ಹುಡುಕಿ ಸಿಕ್ಕ ಮೇಲೆ ಇನ್ನೊಂದು. ಯಾರಿಗೂ ಇದರಿಂದ ಹಾನಿಯಿರಲಿಲ್ಲ. ಸಂಗೀತದ ಟೀಚರೊಬ್ಬರು ಮಾತ್ರ, "ಎರಡೆರಡು ಸಲ ಹೇಳೋಕೆ ನಾನೇನು ಕಿವುಡಿಯಾ? ನನಗೆ ಹೋಗಿರೋದು ಕಣ್ಣು" ಎಂದು ಗೊಣಗಿದ್ದರು. ಅತ್ತೆ ವಾರಗಟ್ಟಲೆ ಪ್ರೋಗ್ರಾಮಿನ ಸಾಲುಗಳಲ್ಲಿ, ಅವರೆಲ್ಲ ಕೋಡ್ ಎನ್ನುವುದರಲ್ಲಿ, ತಡಕಾಡಿ, ಎರಡನೆಯ ನಮಸ್ಕಾರದ ಸಾಲು ಎಲ್ಲಿದೆಯೆಂದು ಪತ್ತೆಹಚ್ಚಿ ಅದನ್ನು ತೆಗೆದರು. ತೆಗೆದದ್ದು ಒಂದೇ ಸಾಲು. ಹಿಗ್ಗಿದ್ದು ಮಾತ್ರ ಮನೆ ಕಟ್ಟಿಸಿದಷ್ಟು.

ಬೆಲ್ಲಿನ ಸದ್ದು ಅಡಗಿದ ಮೇಲೆ ಅತ್ತೆ ತಮ್ಮ ಕೋಡನ್ನು ಪರೀಕ್ಷಿಸಿದವನ ಕಡೆ ತಿರುಗಿದರು. ಬಳಗದವರು ಅವನನ್ನು ಗರಗಸ ಎಂದು ಕರೆಯುತ್ತಿದ್ದರು. ಯಾರ ಕೋಡ್ ಬಂದರೂ ಎಳೆದೆಳೆದು ಕೊಯ್ಯುವವನು. ಅವನ ಕೈಯಿಂದ ಪಾರಾಗಿ ಬಂದವರು ನೀರು ಕುಡಿದು ಸುಧಾರಿಸಿಕೊಳ್ಳಬೇಕಾಗುತ್ತಿತ್ತು.

"ಏನಪ್ಪಾ, ನನ್ನದನ್ನ ನೋಡಿದ್ಯಾ?"

"ನೋಡ್ದೆ ಅಮ್ಮ. ಚೆನ್ನಾಗಿದೆ."

"ಅಷ್ಟೇನಾ?"

"ಅಷ್ಟೇ ಅಮ್ಮ. ತುಂಬಾ ಚೆನ್ನಾಗಿದೆ" ಎಂದು ಅವನು ಗುಬ್ಬಿಯ ಕಡೆ ನೋಡದೆ ಚಹಾದ ಲೋಟ ಎತ್ತಿಕೊಂಡ.

ಹಿಂದಿನ ಶನಿವಾರ ಮೆಟ್ಟಿಲಿಳಿಯುವಾಗ ಗುಬ್ಬಿ ಅವನನ್ನು ತಡೆದು ನಿಲ್ಲಿಸಿದ್ದಳು. "ನೋಡು, ಅತ್ತೆ ವಿಷಯದಲ್ಲಿ ನಿನ್ನ ಹಲ್ಲು ಒಳಗಿಟ್ಕೋ. ಈಗಷ್ಟೇ ಎದ್ದು ಓಡಾಡ್ತಿದ್ದಾರೆ."

"ಅದು ಯಾರ ಅತ್ತೆ ಅಂತ ಕೋಡ್‌ಗೆ ಗೊತ್ತಾಗುತ್ತಾ?" ಎಂದಿದ್ದ ಅವನು.

"ನಿನಗೆ ಗೊತ್ತಾಗುತ್ತಲ್ಲ, ಸಾಕು."

ಅವನು ತಲೆ ಕೆರೆದುಕೊಂಡು ಒಪ್ಪಿದ್ದ. ಬೇರೆ ಯಾರ ಕೋಡ್ ಆಗಿದ್ದರೂ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು ಅತ್ತೆಗೆ ಕೇಳಲಿಲ್ಲ: ಇದನ್ನು ತೆಗೆದರೆ ಯಾರಿಗಾದರೂ ತೊಂದರೆಯಾಗುತ್ತದೆಯೇ, ಕೇಳುವವರನ್ನು ವಿಚಾರಿಸಿದ್ದೀರಾ?

ಭಾನುವಾರ ಎಲ್ಲ ಪೆಟ್ಟಿಗೆಗಳಿಗೂ ಹೊಸ ಕಿವಿ ಹೋಯಿತು. ಅತ್ತೆ ಹಾಲಿನವನಿಗೆ, ಎದುರುಮನೆಯವರಿಗೆ, ಹಲ್ಲಿನ ಡಾಕ್ಟರಿಗೆ, ಎಲ್ಲರಿಗೂ ವಿಷಯ ತಿಳಿಸಿದರು. ಡಾಕ್ಟರಿಗೆ ಹೇಳಿದ್ದು ಬಾಯಿ ತೆರೆದುಕೊಂಡೇ.

ಬುಧವಾರ ಗುಬ್ಬಿ ಆಫೀಸಿನಲ್ಲಿದ್ದಾಗ ಫೋನ್ ಬಂತು. ಆ ಕಡೆ ಡ್ರೈವರ್ ತಾತ. ಬಹಳ ವರ್ಷ ಊರೊಳಗೆ ಬಸ್ ಓಡಿಸಿ, ನಿವೃತ್ತರಾದ ಮೇಲೆ ಸಕ್ಕರೆ ಕಾಯಿಲೆಯಿಂದ ಕಣ್ಣು ಕಳೆದುಕೊಂಡವರು. ಅವರ ಮನೆಗೆ ಪೆಟ್ಟಿಗೆ ಕೊಂಡೊಯ್ದು ಕೂರಿಸಿ ಬಂದವಳು ಗುಬ್ಬಿಯೇ.

"ಅಮ್ಮಣ್ಣಿ, ನಿಮ್ಮ ಪೆಟ್ಟಿಗೆ ನನ್ನ ಮೇಲೆ ಮುನಿಸ್ಕೊಂಡಿದೆ."

"ಓದ್ತಾ ಇಲ್ವಾ ತಾತ?"

"ಓದೋದೇನೋ ಓದುತ್ತೆ. ಮರ್ಯಾದೆ ಬಿಟ್ಟಿದೆ. ಮೊದ್ಲು ಬೆಳಿಗ್ಗೆ ಗುಂಡಿ ಒತ್ತಿದ್ರೆ ನಮಸ್ಕಾರ ಅನ್ನೋದು. ನಾನು, 'ನಮಸ್ಕಾರ ತಾಯಿ, ಎಲ್ಲಾ ಹತ್ತಿದ್ರಾ, ಹೊರಡೋಣ್ವಾ' ಅಂತಿದ್ದೆ. ಅದು ಇನ್ನೊಂದ್ಸಲ ನಮಸ್ಕಾರ ಅಂದು ಆಮೇಲೆ ಹೊರಡೋದು. ಈಗ ನಾನಿನ್ನೂ ಬಾಯಿ ತೆರೆಯೋದ್ರೊಳಗೆ ಓದೋಕೆ ಶುರು. ಪ್ಯಾಸೆಂಜರ್ ಒಂದು ಕಾಲು ಮೇಲಿಟ್ಟಿರುವಾಗ್ಲೇ ಬಸ್ ಎತ್ತಿದ ಹಾಗೆ. ನಾನು ಡ್ರೈವರ್ ಆಗಿದ್ದಾಗ ಒಂದು ದಿನವೂ ಹಾಗೆ ಮಾಡಿದವನಲ್ಲ."

ಗುಬ್ಬಿಗೆ ನಗು ಬಂತು. "ತಾತ, ಅದು ಯಂತ್ರ..."

"ನನಗೆ ಕಣ್ಣು ಹೋಗಿದೆ ಕಣಮ್ಮಾ, ತಲೆ ಹೋಗಿಲ್ಲ. ಯಂತ್ರ ಅಂತ ನಂಗೂ ಗೊತ್ತು. ಆದ್ರೆ ಮಗ, ಸೊಸೆ ಬೆಳಿಗ್ಗೆನೇ ಮೊಮ್ಮಗನ್ನ ಸ್ಕೂಲಿಗೆ ಬಿಟ್ಟು ಕೆಲಸಕ್ಕೆ ಹೋಗಿಬಿಡ್ತಾರೆ. ಸಂಜೆವರೆಗೂ ಈ ಮನೇಲಿ ನನ್ನ ಮಾತಿಗೆ ಒಂದು ಎದುರುಮಾತು ಅಂತ ಇದ್ದದ್ದು ಅದೊಂದೇ."

ಗುಬ್ಬಿಯ ನಗು ನಿಂತಿತು. "ನೋಡ್ತೀನಿ ತಾತ" ಎಂದಳು.

ಸಂಜೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಬಹಳ ಹೊತ್ತು ಕುಳಿತಳು. ಅತ್ತೆಗೆ ಹೇಳಬೇಕು. ಏನೆಂದು ಹೇಳುವುದು? ನೀವು ವಾರಗಟ್ಟಲೆ ಕೂತು ಮಾಡಿದ ಕೆಲಸದಿಂದ ಒಬ್ಬ ಮುದುಕರ ಬೆಳಗು ಕೆಟ್ಟಿತು ಎಂದೇ? ಅತ್ತೆ ಮತ್ತೆ ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ ಕುಳಿತರೆ? ಕೊನೆಗೆ ಅವಳು ತನ್ನ ಬುದ್ಧಿಗೆ ಸುಲಭವಾಗಿ ತೋಚಿದ್ದನ್ನು ಮಾಡಿದಳು. ಅತ್ತೆ ತೆಗೆದ ಸಾಲನ್ನು ಸದ್ದಿಲ್ಲದೆ ಮತ್ತೆ ಅಲ್ಲೇ ಸೇರಿಸಿ, ಆ ರಾತ್ರಿಯೇ ಪೆಟ್ಟಿಗೆಗಳಿಗೆ ಕಳಿಸಿದಳು. ಪ್ರತಿ ಬದಲಾವಣೆಯ ಜೊತೆ ಏನು, ಯಾಕೆ ಎಂದು ಒಂದು ಮಾತು ಬರೆಯುವುದು ಅವರ ನಿಯಮ. ಅವಳು 'ಸಣ್ಣಪುಟ್ಟ ದುರಸ್ತಿ' ಎಂದು ಬರೆದು ಮುಗಿಸಿದಳು. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಅವಳೇ ಹಿಡಿದು ಬೈಯುತ್ತಿದ್ದಳು. ಮರುದಿನ ಡ್ರೈವರ್ ತಾತ ಫೋನ್ ಮಾಡಿ, "ಸಿಟ್ಟು ಇಳೀತು ಅಮ್ಮಣ್ಣಿ, ಇವತ್ತು ಮಾತಾಡ್ತು" ಎಂದರು. ದೇವರು ದೊಡ್ಡವನು, ಎಲ್ಲವೂ ಸುಸೂತ್ರವಾಯಿತು ಎಂದು ಗುಬ್ಬಿ ಅಂದುಕೊಂಡಳು.

ಶನಿವಾರ ಅತ್ತೆ ತಡವಾಗಿ ಬಂದರು. ಸೈಕಲ್ ಅಂಗಡಿಯವನು, "ಬನ್ನಿ ಅಮ್ಮ, ಬೆಲ್ ಗಟ್ಟಿ ಮಾಡಿಟ್ಟಿದ್ದೀನಿ" ಎಂದು ಕೆಣಕಿದರೂ ಮರುಮಾತಾಡದೆ ಮೆಟ್ಟಿಲು ಹತ್ತಿದರು. ಕೋಣೆಗೆ ಬಂದವರು ಕೂರಲಿಲ್ಲ. ಪಾಠ ಒಪ್ಪಿಸಲು ನಿಂತ ಹುಡುಗಿಯ ಹಾಗೆ ಕುರ್ಚಿಯ ಬೆನ್ನು ಹಿಡಿದು ನಿಂತರು.

"ಎಲ್ಲರೂ ಒಂದು ನಿಮಿಷ ಕೇಳಿ. ನಾನು ಸರಿಮಾಡಿದ್ದೆನಲ್ಲ, ಅದು ಮತ್ತೆ ಕೆಟ್ಟಿದೆ. ದಿನಾ ಬೆಳಿಗ್ಗೆ ಚಹಾ ಕುಡೀತಾ ಹೊಸ ಕಿವಿನ ನನ್ನ ಲ್ಯಾಪ್‌ಟಾಪಲ್ಲಿ ಹಾಕಿ ಕೇಳೋದು ನನ್ನ ಅಭ್ಯಾಸ. ಮೊನ್ನೆ ಕೇಳ್ತೀನಿ, ಮತ್ತೆ ಎರಡು ನಮಸ್ಕಾರ. ನಾನು ಎಲ್ಲೋ ಎಡವಟ್ಟು ಮಾಡಿದ್ದೀನಿ. ಎಷ್ಟು ಹುಡುಕಿದ್ರೂ ಗೊತ್ತಾಗ್ತಿಲ್ಲ. ನಿಮ್ಮೆಲ್ಲರ ಚಪ್ಪಾಳೆ ದಂಡ ಮಾಡಿಸ್ದೆ, ಬೇಜಾರು ಮಾಡ್ಕೋಬೇಡಿ."

ಗರಗಸ ತನ್ನ ಲ್ಯಾಪ್‌ಟಾಪ್ ತಿರುಗಿಸಿಕೊಂಡು ಎರಡು ಕ್ಷಣ ನೋಡಿದ. ಯಾರು, ಯಾವಾಗ, ಯಾವ ಸಾಲು ಸೇರಿಸಿದರು ಎನ್ನುವುದು ಅವರ ಕೆಲಸದಲ್ಲಿ ಅಡಗಿಸಿಡುವಂಥದ್ದಲ್ಲ. ಹುಡುಕುವುದು ಗೊತ್ತಿದ್ದವರಿಗೆ ಕಣ್ಣೆದುರೇ ಇರುತ್ತದೆ. ಅತ್ತೆಗೆ ಅದು ಇನ್ನೂ ಗೊತ್ತಿರಲಿಲ್ಲ. ಗರಗಸ ಲ್ಯಾಪ್‌ಟಾಪಿನ ಮುಚ್ಚಳವನ್ನು ನಿಧಾನವಾಗಿ ಇಳಿಸಿದ.

"ನೀವು ಎಡವಟ್ಟು ಮಾಡಿಲ್ಲ ಅತ್ತೆ" ಎಂದಳು ಗುಬ್ಬಿ. "ಆ ಸಾಲು ವಾಪಸ್ ಹಾಕಿದ್ದು ನಾನು."

ಗುಬ್ಬಿ ಡ್ರೈವರ್ ತಾತನ ಫೋನಿನ ವಿಷಯವನ್ನೆಲ್ಲ ಹೇಳಿದಳು. ಅತ್ತೆ ಕೊನೆಯವರೆಗೂ ಕೇಳಿ, "ಸರಿ" ಎಂದರು. ಚೀಲವನ್ನು ಹೆಗಲಿಗೆ ಹಾಕಿಕೊಂಡು ಇಳಿದು ಹೋದರು.

ಗುಬ್ಬಿ ಹಿಂದೆಯೇ ಓಡಿದಳು. ಅಂಗಡಿಯ ಮುಂದೆ ನೇತುಹಾಕಿದ ಟಯರುಗಳ ನಡುವೆ ಅತ್ತೆ ಬೆನ್ನು ತಿರುಗಿಸಿ ನಿಂತಿದ್ದರು. ಅಂಗಡಿಯವನು ಯಾವುದೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದವನು, ಕೇಳಿಸಲಿ ಎಂದು ಪಂಪಿನ ಸದ್ದನ್ನು ತಗ್ಗಿಸಿದ.

"ಅತ್ತೆ, ನಿಮಗೆ ಬೇಜಾರಾಗುತ್ತೆ ಅಂತ..."

"ಬೇಜಾರು!" ಅತ್ತೆ ಸರ್ರನೆ ತಿರುಗಿದರು. "ಮೊನ್ನೆಯಿಂದ ಇರೋ ಬರೋ ಸಾಲನ್ನೆಲ್ಲ ಹಿಂದೆ ಮುಂದೆ ಓದಿ ಓದಿ ಕಣ್ಣು ಉರಿ ಬಂತು ಕಣೇ. ವಯಸ್ಸಾಗಿ ತಲೆ ಮಂಕಾಯ್ತೇನೋ, ನಿಮ್ಮ ಮಾವನ ಜೊತೆ ನನ್ನ ಬುದ್ಧಿನೂ ಹೊರಟುಹೋಯ್ತೇನೋ ಅಂತ ದೇವರ ಮುಂದೆ ಕೂತು ಕೇಳ್ದೆ. ದೇವರು ಏನು ಹೇಳ್ತಾನೆ ಪಾಪ? ಮಾಡಿದವಳು ನೀನು."

"ತಪ್ಪಾಯ್ತು ಅತ್ತೆ."

"ಒಂದು ವರ್ಷದಿಂದ ಎಲ್ಲರೂ ನನ್ನ ಬೇಜಾರನ್ನೇ ಕಾಯ್ತಾ ಕೂತಿದ್ದೀರಿ, ಒಲೆ ಮೇಲೆ ಹಾಲಿಟ್ಟ ಹಾಗೆ. ಉಕ್ಕಿಬಿಡುತ್ತೆ ಅಂತ ಯಾರೂ ಜೋರಾಗಿ ಮಾತಾಡಲ್ಲ. ಹಾಲಿನವನು ನೀರು ಬೆರೆಸಿ ತರ್ತಾನೆ, ಕೇಳಿದ್ರೆ 'ನಾಳೆಯಿಂದ ಗಟ್ಟಿಯಾಗಿ ತರ್ತೀನಿ ಅಮ್ಮ' ಅಂತ ತಲೆ ಬಗ್ಗಿಸ್ತಾನೆ. ಮೊದ್ಲು ಹೇಗೆ ವಾದಿಸ್ತಿದ್ದ! ನಿಮ್ಮ ಮಾವ ದಿನಕ್ಕೊಂದು ಜಗಳ ಆಡದೆ ಮಲಗಿದವರಲ್ಲ, ಪುಣ್ಯಾತ್ಮ. ಈ ಕೋಣೆಗೆ ಬಂದ ದಿನ ನೋಡ್ದೆ, ಒಬ್ಬರ ಕೆಲಸನ ಇನ್ನೊಬ್ಬರು ಹೇಗೆ ಹರಿದು ಹಾಕ್ತಾರೆ ಅಂತ. ಹರಿದು ಹಾಕಿ, ಆಮೇಲೆ ಒಟ್ಟಿಗೆ ಕೂತು ಚಹಾ ಕುಡೀತಾರೆ. ಇಲ್ಲಿ ನನಗೂ ಒಂದು ಪಾಲು ಸಿಗುತ್ತೆ ಅಂತ ಆಸೆಪಟ್ಟೆ. ನೀನು ಆ ಗರಗಸದ ಹಲ್ಲೂ ಕಿತ್ತು ಕಳಿಸಿದ್ದೀಯ ಅಲ್ವಾ? ನಿಜ ಹೇಳು."

ಗುಬ್ಬಿ ಹೌದೆಂದು ತಲೆಯಾಡಿಸಿದಳು.

"ಗೊತ್ತಿತ್ತು. 'ತುಂಬಾ ಚೆನ್ನಾಗಿದೆ' ಅಂದಾಗ್ಲೇ ಗೊತ್ತಾಯ್ತು. ಅವನು ತನ್ನ ಮದುವೆಯ ಊಟನೂ ಚೆನ್ನಾಗಿದೆ ಅನ್ನೋನಲ್ಲ."

ಪಂಪ್ ನಿಂತಿತ್ತು. "ಅಮ್ಮ, ಜಗಳಕ್ಕೆ ಜನ ಬೇಕಿದ್ರೆ ನಾನಿದ್ದೀನಿ" ಎಂದ ಅಂಗಡಿಯವನು. "ಬೆಲ್ಲಿನ ಸ್ಪ್ರಿಂಗ್ ನಿಜವಾಗ್ಲೂ ಹೋಗಿತ್ತು."

"ನಿಮ್ಮದನ್ನ ಆಮೇಲೆ ನೋಡ್ಕೋತೀನಿ" ಎಂದು ಅತ್ತೆ ಮೂಗೊರೆಸಿಕೊಂಡರು. ಅಷ್ಟರಲ್ಲಿ ಅವರ ದನಿ ಯಾಕೋ ಹಗುರವಾಗಿತ್ತು. ಗುಬ್ಬಿಯ ಕಡೆ ತಿರುಗಿ, "ಆ ಡ್ರೈವರ್ ಮನೆ ಎಲ್ಲಿದೆ?" ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಇಬ್ಬರೂ ಹೋದರು. ಅಡುಗೆಮನೆಗೆ ಹೊಂದಿಕೊಂಡಂತೆ ಒಂದು ಸಣ್ಣ ಕೋಣೆ. ಮೇಜಿನ ಮೇಲೆ ಪೆಟ್ಟಿಗೆ, ಪಕ್ಕದಲ್ಲಿ ಮಾತ್ರೆಯ ಡಬ್ಬಿ. ಡ್ರೈವರ್ ತಾತ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕುಳಿತಿದ್ದರು, ಎದುರಿಗೆ ರಸ್ತೆಯಿದೆಯೇನೋ ಎಂಬಂತೆ.

"ಇವರು ನಮ್ಮತ್ತೆ ತಾತ. ಆ ಎರಡನೇ ನಮಸ್ಕಾರ ತೆಗೆದದ್ದು ಇವರೇ."

"ಓಹೋ, ನೀವೇನಾ ಪುಣ್ಯಾತ್ಗಿತ್ತಿ? ಕೂತ್ಕೊಳ್ಳಿ. ಕೈಕಾಲು ಎಲ್ಲಾ ಒಳಗಿಟ್ಕೊಂಡು ಕೂತ್ಕೊಳ್ಳಿ."

"ಅದು ತಪ್ಪಾಗಿತ್ತು, ಅದಕ್ಕೆ ತೆಗ್ದೆ" ಎಂದರು ಅತ್ತೆ ಬಿಗಿಯಾಗಿ.

"ತಪ್ಪಾ? ಆ ಪೆಟ್ಟಿಗೇಲಿ ಸರಿಯಾಗಿದ್ದದ್ದು ಅದೊಂದೇ."

"ಬೇರೆಯವರಿಗೆ ಕಿರಿಕಿರಿ ಆಗುತ್ತಂತೆ. ಎಲ್ಲಾ ನಿಮ್ಮ ಇಷ್ಟದ ಹಾಗೇ ನಡೆಯೋಕೆ ಇದೇನು ನಿಮ್ಮ ಬಸ್ಸಾ?"

ಗುಬ್ಬಿ ಬೆಚ್ಚಿಬಿದ್ದು ಅತ್ತೆಯ ಮುಖ ನೋಡಿದಳು. ಡ್ರೈವರ್ ತಾತನ ಮುಖ ಅರಳಿತ್ತು. "ಬಸ್ಸಾಗಿದ್ರೆ ನಿಮ್ಮನ್ನ ಹಿಂದಿನ ಸ್ಟಾಪಲ್ಲೇ ಇಳಿಸ್ತಿದ್ದೆ" ಎಂದರು.

"ಇಳಿಸಿ ನೋಡಿ! ಸರಿ, ಹೀಗೆ ಮಾಡಿದ್ರೆ ಹೇಗೆ? ನಿಮ್ಮ ಮಾತು ಮುಗಿದ ಮೇಲೆ ನೀವೇ ಇನ್ನೊಂದು ಗುಂಡಿ ಒತ್ತಿ. ಆಗ ಅದು ನಮಸ್ಕಾರ ಹೇಳುತ್ತೆ."

"ಗುಂಡಿ ಒತ್ತಿ ನಮಸ್ಕಾರ ಹೇಳಿಸ್ಕೊಳ್ಳೋದಾ? ಅದು ಕತ್ತು ಹಿಡಿದು ಮರ್ಯಾದೆ ಮಾಡಿಸ್ಕೊಂಡ ಹಾಗೆ. ಬೇಡ ತಾಯಿ."

ಅತ್ತೆ ಪೆಟ್ಟಿಗೆಯ ಕಡೆ ಬಗ್ಗಿದರು. "ಒಂದ್ಸಲ ಮಾಡಿ ತೋರಿಸಿ. ದಿನಾ ಹೇಗೆ ಮಾಡ್ತೀರೋ ಹಾಗೆ."

ಡ್ರೈವರ್ ತಾತ ಗುಂಡಿ ಒತ್ತಿದರು. ಪೆಟ್ಟಿಗೆ ನಮಸ್ಕಾರ ಎಂದಿತು. "ನಮಸ್ಕಾರತಾಯಿಎಲ್ಲಾಹತ್ತಿದ್ರಾಹೊರಡೋಣ್ವಾ" ಎಂದು ಅವರು ಒಂದೇ ಉಸಿರಿಗೆ ಉರುಳಿಸಿದರು. ಮಾತು ಮುಗಿಯಿತೋ ಇಲ್ಲವೋ, ಪೆಟ್ಟಿಗೆ ಮತ್ತೆ ನಮಸ್ಕಾರ ಎಂದು ಓದತೊಡಗಿತು.

"ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ಯಾಕೆ ಮಾತಾಡ್ತೀರಿ?"

"ಅದು ಬರೋದ್ರೊಳಗೆ ಮುಗಿಸ್ಬೇಕಲ್ಲ. ಕೆಂಪು ದೀಪ ಬೀಳೋ ಮೊದ್ಲು ದಾಟೋ ಹಾಗೆ. ಇಲ್ಲಾಂದ್ರೆ ಹೇಳೋದು ಇನ್ನೂ ಇತ್ತು. ಹವಾ ಹೇಗಿದೆ, ಮಂಡಿ ನೋವು ಹೇಗಿದೆ, ಮೊಮ್ಮಗ ರಾತ್ರಿ ಏನು ಹಠ ಮಾಡ್ದ..."

ಅತ್ತೆ ಗುಬ್ಬಿಯ ಕಡೆ ನೋಡಿದರು. ಆ ನೋಟ ಗುಬ್ಬಿಗೆ ಚೆನ್ನಾಗಿ ಪರಿಚಯವಿತ್ತು. ಶನಿವಾರದ ಕೋಣೆಯಲ್ಲಿ ಯಾರಿಗಾದರೂ ಬಗ್ಗಿನ ಬುಡ ಸಿಕ್ಕಾಗ ಬರುವ ನೋಟ ಅದು.

"ಇಷ್ಟು ದಿನ ಅದು ನಿಮ್ಮ ಮಾತಿಗೆ ಎದುರುಮಾತು ಕೊಡ್ತಿರಲಿಲ್ಲ" ಎಂದರು ಅತ್ತೆ. "ನಿಮ್ಮ ಮಾತಿನ ಮೇಲೆ ಬೀಳ್ತಿತ್ತು. ಮೊದಲು ಅದನ್ನ ಸರಿಮಾಡ್ಬೇಕು."

ಮುಂದಿನ ವಾರವಿಡೀ ಅತ್ತೆಯ ಮನೆಯಿಂದ ಕೀಲಿಗಳ ಗುದ್ದು ಬೀದಿಗೆ ಕೇಳಿಸಿತು. ನಮಸ್ಕಾರ ಒಂದು ಸಲ ಬೇಕೋ ಎರಡು ಸಲ ಬೇಕೋ ಎನ್ನುವುದನ್ನು ಆಯಾ ಮನೆಯವರೇ ಹೇಳಿಡಬಹುದು. ಎರಡು ಬೇಕೆಂದವರಿಗೆ, ನಡುವೆ ಎಷ್ಟು ಹೊತ್ತು ಕಾಯಬೇಕೆಂಬುದೂ ಅವರಿಷ್ಟ. ಕೇಳಲು ಸುಲಭವಾದ ಈ ಮಾತನ್ನು ಪ್ರೋಗ್ರಾಮಿಗೆ ಅರ್ಥಮಾಡಿಸುವುದರಲ್ಲಿ ಅತ್ತೆ ಹೈರಾಣಾದರು. ನಡುವೆ ಒಂದು ದಿನ, ಪರೀಕ್ಷೆಗೆಂದು ತಂದಿಟ್ಟುಕೊಂಡಿದ್ದ ಪೆಟ್ಟಿಗೆ ನಮಸ್ಕಾರವನ್ನು ನಿಲ್ಲಿಸದೆ ಹೇಳತೊಡಗಿದಾಗ, ಅದನ್ನು ದಿಂಬಿನ ಕೆಳಗೆ ಅದುಮಿಟ್ಟು ಗುಬ್ಬಿಗೆ ಫೋನ್ ಮಾಡಿದ್ದರು.

ಶನಿವಾರ ಕೋಡನ್ನು ಗರಗಸನ ಮುಂದಿಟ್ಟು, "ನೋಡಪ್ಪಾ, ಹಲ್ಲು ಹಾಕಿಸ್ಕೊಂಡು ಬಂದಿದ್ದೀಯ ತಾನೇ?" ಎಂದರು.

ಅವನು ಗುಬ್ಬಿಯ ಮುಖ ನೋಡಿದ. ಗುಬ್ಬಿ ತನ್ನ ಕುರ್ಚಿಯನ್ನು ಎಳೆದುಕೊಂಡು ಅವನ ಪಕ್ಕದಲ್ಲೇ ಕುಳಿತಳು. "ಮೊದಲು ನಾನು ಹೇಳ್ತೀನಿ" ಎಂದಳು. "ಅತ್ತೆ, ಈ ಸಾಲು ತಪ್ಪು. ಇದರ ಕೆಳಗಿನದೂ ತಪ್ಪು. ಕಾಯ್ತಾ ಇರುವಾಗ ಯಾರಾದರೂ ನಿಲ್ಲಿಸೋ ಗುಂಡಿ ಒತ್ತಿದ್ರೆ? ಪೆಟ್ಟಿಗೆ ಕಲ್ಲಾಗಿ ಕೂರುತ್ತೆ. ಇದನ್ನ ಪರೀಕ್ಷೆ ಮಾಡಿದ್ರಾ?"

ಅತ್ತೆಯ ಮುಖ ಕೆಂಪಾಯಿತು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. "ಎಲ್ಲಿ? ತೋರಿಸು" ಎಂದು ಬಗ್ಗಿದರು.

ಆಮೇಲೆ ಗರಗಸನ ಸರದಿ. ಅವನು ತಡೆದಿಟ್ಟುಕೊಂಡಿದ್ದನ್ನೆಲ್ಲ ಸೇರಿಸಿ ಕೊಯ್ದ. ಇದು ಸುತ್ತುಬಳಸು, ಇದು ಬೇಡವೇ ಬೇಡ, ಇದಕ್ಕೆ ಈ ಹೆಸರಿಟ್ಟರೆ ನಾಳೆ ಓದಿದವರಿಗೆ ಏನು ತಿಳಿಯಬೇಕು ಎಂದ. ಅತ್ತೆ ಕೆಲವನ್ನು ಒಪ್ಪಿದರು, ಕೆಲವಕ್ಕೆ ಮೇಜು ಗುದ್ದಿದರು. ಪೆಟ್ಟಿಗೆ ಕಾಯುತ್ತಿರುವಾಗ ಕೆಟ್ಟುಹೋಗಿದೆಯೆಂದು ಜನ ಹೆದರದಿರಲಿ, ಟಿಕ್ ಟಿಕ್ ಎಂದು ಸಣ್ಣ ಸದ್ದು ಬರಲಿ ಎಂದು ಅವನು ಹಟ ಹಿಡಿದಾಗ ಅವರು ಎದ್ದೇ ನಿಂತರು.

"ನೀನು ನಿನ್ನ ಕಷ್ಟಸುಖ ಹೇಳ್ತಾ ಇರುವಾಗ ಎದುರಿಗೆ ಕೂತವರು ಟಿಕ್ ಟಿಕ್ ಅಂತಾರೇನೋ? ಸುಮ್ನೆ ಕೂತು ಕೇಳೋದು ಅಂತ ಒಂದಿದೆ. ಅದನ್ನೂ ಒಂದು ಕೆಲಸ ಅಂತ ಇಟ್ಕೋ."

ಗರಗಸ ನಕ್ಕು, "ಆಯ್ತು ಅಮ್ಮ, ಟಿಕ್ ಟಿಕ್ ತೆಗೆದೆ. ಉಳಿದದ್ದೆಲ್ಲ ತಿದ್ಕೊಂಡು ಬನ್ನಿ" ಎಂದ. ಅತ್ತೆ ತಿದ್ದಿ ತಂದರು. ಅವನು ಮತ್ತೆ ತಪ್ಪು ಹಿಡಿದ. ಬೈದುಕೊಳ್ಳುತ್ತಲೇ ಇನ್ನೊಮ್ಮೆ ತಿದ್ದಿದರು. ಅದು ಪ್ರೋಗ್ರಾಮಿಗೆ ಸೇರಿದಾಗ ಹೊರಗೆ ಬೀದಿದೀಪಗಳು ಹತ್ತುತ್ತಿದ್ದವು. ಅತ್ತೆಯ ಕೂದಲು ಕೆದರಿತ್ತು, ಹೊಟ್ಟೆ ಹಸಿದಿತ್ತು. ಮೆಟ್ಟಿಲಿಳಿಯುವಾಗ ಗುಬ್ಬಿಯ ತೋಳು ಹಿಡಿದುಕೊಂಡು, "ಎಂಥಾ ಕಟುಕ ಕಣೇ ಅವನು!" ಎಂದು ಮನೆ ತಲುಪುವವರೆಗೂ ಹೊಗಳಿದರು.

ಒಂದೆರಡು ದಿನ ಕಳೆದು ಗುಬ್ಬಿ ಆಫೀಸಿಗೆ ಹೋಗುವ ದಾರಿಯಲ್ಲಿ ಅತ್ತೆಯ ಮನೆಗೆ ಹೊಕ್ಕಾಗ, ಅಡುಗೆಮನೆಯಿಂದ ಜೋರು ಮಾತು ಕೇಳುತ್ತಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಪಕ್ಕದಲ್ಲಿ ಫೋನ್, ಅದರಿಂದ ಡ್ರೈವರ್ ತಾತನ ದನಿ ಕೋಣೆಯ ತುಂಬ ಬರುತ್ತಿತ್ತು.

"...ಏನು ಸರಿಮಾಡಿದ್ದೀರಿ ನೀವು? ಮಂಡಿವರೆಗೂ ಬಂದಿದ್ದೆ, ಮೊಮ್ಮಗನ ವಿಷಯ ಎತ್ತಿದ್ದೆ ಅಷ್ಟೇ, ಬಂದುಬಿಡ್ತು ನಿಮ್ಮ ನಮಸ್ಕಾರ."

"ಮೊಮ್ಮಗನ ಪುರಾಣನೂ ಸೇರಿಸ್ತೀರಿ ಅಂತ ನನಗೇನ್ರೀ ಕನಸು ಬಿದ್ದಿತ್ತಾ? ಮೊದಲೇ ಹೇಳ್ಬೇಕು."

"ಹೇಳಿದ್ದೆ! ಅವತ್ತು ನಿಮ್ಮ ಮುಂದೆನೇ ಹೇಳಿದ್ದೆ!"

"ಸರಿ, ಕೂಗ್ಬೇಡಿ. ಈಗ ಪೂರ್ತಿ ಹೇಳಿ. ನಿಧಾನವಾಗಿ, ಏನೇನಿದೆಯೋ ಎಲ್ಲಾ. ಎಷ್ಟು ಹೊತ್ತು ಬೇಕು ಅಂತ ನೋಡಿ ಅಷ್ಟು ಇಡ್ತೀನಿ."

ಗುಬ್ಬಿ ಬಾಗಿಲಲ್ಲೇ ನಿಂತಳು. ಅತ್ತೆ ಅವಳನ್ನು ಕಂಡು, ಮಾತಾಡಬೇಡವೆಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಗುಬ್ಬಿ ಸದ್ದಾಗದಂತೆ ಹೋಗಿ ಉರಿ ತಗ್ಗಿಸಿದಳು.

ಆ ಕಡೆ ಡ್ರೈವರ್ ತಾತ ಗಂಟಲು ಸರಿಪಡಿಸಿಕೊಂಡರು. "ನಮಸ್ಕಾರ ತಾಯಿ" ಎಂದು ಶುರುಮಾಡಿದರು. ಈ ಸಲ ಅವಸರವಿರಲಿಲ್ಲ. ಎಲ್ಲರೂ ಹತ್ತಿದರೇ ಎಂದು ಕೇಳಿದರು. ಬೆಳಿಗ್ಗೆ ಸ್ವಲ್ಪ ಮೋಡವಿರುವ ಹಾಗಿದೆ ಎಂದರು, ಗಾಳಿ ಮುಖಕ್ಕೆ ತಣ್ಣಗೆ ಬಡಿದದ್ದರಿಂದ ಗೊತ್ತಾಯಿತು ಎಂದರು. ಬಲಮಂಡಿ ಇವತ್ತು ಪರವಾಗಿಲ್ಲ, ಎಡದ್ದು ಹಟ ಮಾಡುತ್ತಿದೆ. ಮೊಮ್ಮಗ ರಾತ್ರಿ ತನ್ನ ಚಪ್ಪಲಿಯನ್ನು ಹಾಸಿಗೆಗೆ ತಂದು ಮಲಗಿಸಿಕೊಂಡಿದ್ದ.

ಅತ್ತೆ ಕಣ್ಣು ಮುಚ್ಚಿ, ಹೊತ್ತು ಲೆಕ್ಕಹಾಕುತ್ತ ಒಂದು ಬೆರಳಿನಿಂದ ಮೇಜನ್ನು ತಟ್ಟುತ್ತಿದ್ದರು, ಎಂದೂ ಇಲ್ಲದಷ್ಟು ಮೆತ್ತಗೆ. ಚಪ್ಪಲಿಯ ಮಾತು ಮುಗಿದು ಅದರ ಬಣ್ಣದ ಮಾತು ಬಂತು. ಬೆರಳು ತಟ್ಟುತ್ತಲೇ ಇತ್ತು.